ಅಂಬಾಸಿಡರ್ ಪ್ರೊಪೆಲ್ಲರ್ ಶಾಫ್ಟ್ ಬೋಲ್ಟ್ ಪದೇ ಪದೇ ಸಡಿಲ: ಲಾಕ್‌ಟೈಟ್ ಹಾಕಿದರೆ ಸಾಕೇ?

ಮಾರ್ಕ್4_ಮೈಸೂರು

ಗಾಡಿ ಅಂಬಾಸಿಡರ್ ಮಾರ್ಕ್ 4, 1489 ಸಿಸಿ ಪೆಟ್ರೋಲ್, ನಾಲ್ಕು ಗೇರು. ಗೇರ್‌ಬಾಕ್ಸಿನಿಂದ ಹಿಂದಿನ ಡಿಫರೆನ್ಶಿಯಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಹಿಂಬದಿ ಫ್ಲಾಂಜನ್ನು (ಬೋಲ್ಟ್ ಹಾಕುವ ತಟ್ಟೆ) ಡಿಫರೆನ್ಶಿಯಲ್ ಫ್ಲಾಂಜಿಗೆ ಹಿಡಿದಿಡುವ ನಾಲ್ಕು ಬೋಲ್ಟುಗಳು ಕೆಲವು ನೂರು ಕಿ.ಮೀ. ಓಡುವುದರೊಳಗೆ ಸಡಿಲವಾಗುತ್ತಿವೆ. ಕ್ಲಚ್ ಬಿಟ್ಟಾಗ ಹಿಂದಿನಿಂದ 'ಟಕ್' ಅನ್ನುವ ಸದ್ದು, 60ರ ವೇಗದ ಆಸುಪಾಸಿನಲ್ಲಿ ನೆಲದಲ್ಲಿ ನಡುಕ. ಯೂನಿವರ್ಸಲ್ ಜಾಯಿಂಟಿನ (ಶಾಫ್ಟಿನ ತುದಿಯ ಬಾಗುವ ಕೀಲು) ಎರಡೂ ಕ್ರಾಸ್ ಹೊಸವು. ಬೋಲ್ಟು, ನಟ್ಟು, ಸ್ಪ್ರಿಂಗ್ ವಾಷರ್ ಎಲ್ಲವೂ ಹೊಸವು. ಫ್ಲಾಂಜುಗಳಿಗೆ ತುಕ್ಕು ಹಿಡಿಯದಿರಲಿ ಎಂದು ಪ್ರೈಮರ್, ಕಪ್ಪು ಪೇಂಟ್ ಆಗಿದೆ. ಕೆಂಪು ಲಾಕ್‌ಟೈಟ್ (ಥ್ರೆಡ್ಡಿಗೆ ಹಾಕುವ ಅಂಟು) ಹಾಕಿ ಬಿಗಿದರೆ ಮುಗಿಯುತ್ತದೆಯೇ?

ಟಾರ್ಕ್_ತುಮಕೂರು

ಲಾಕ್‌ಟೈಟ್ ಆಮೇಲೆ. ಮೊದಲು ನಾಲ್ಕು ವಿಷಯ ಹೇಳಿ. ಪೇಂಟ್ ಫ್ಲಾಂಜಿನ ಹೊರಮೈಗೆ ಮಾತ್ರವೇ, ಎರಡೂ ಕೂಡುವ ಮುಖಕ್ಕೂ ಆಗಿದೆಯೇ? ಬೋಲ್ಟಿನ ತಲೆ ಮೇಲೆ ಏನು ಗುರುತಿದೆ? ರಂಧ್ರಗಳು ದುಂಡಗಿವೆಯೇ, ಉದ್ದುದ್ದ ಆಗಿವೆಯೇ? ಎರಡು ಫ್ಲಾಂಜೂ ಕೈಯಲ್ಲೇ ಒತ್ತಿದಾಗ ಪೂರ್ತಿ ಕೂಡುತ್ತವೆಯೇ, ಬೋಲ್ಟಿನ ಬಲದಿಂದ ಎಳೆದು ಕೂಡಿಸಬೇಕೇ?

ಮಾರ್ಕ್4_ಮೈಸೂರು

ಪೇಂಟ್ ಮುಖಕ್ಕೂ ಇದೆ. ಬೋಲ್ಟಿನ ತಲೆ ನುಣ್ಣಗಿದೆ, ಗುರುತಿಲ್ಲ. ಇನ್ನೆರಡನ್ನು ಬಿಚ್ಚಿ ನೋಡಿ ಹೇಳುತ್ತೇನೆ.

ಟಾರ್ಕ್_ತುಮಕೂರು

ಹಾಗಾದರೆ ಎರಡು ಕಾರಣ ಈಗಲೇ ಸಿಕ್ಕವು. ಲೆಕ್ಕ ಹಾಕಿ ತೋರಿಸುತ್ತೇನೆ, ಯಾಕೆಂದರೆ ಈ ವಿಷಯದಲ್ಲಿ ಅಂದಾಜು ಮಾತು ಜಾಸ್ತಿ.

ಫ್ಲಾಂಜಿನಿಂದ ಫ್ಲಾಂಜಿಗೆ ತಿರುಚುಬಲ ದಾಟುವುದು ಬೋಲ್ಟಿನ ಮೈಯಿಂದಲ್ಲ, ಎರಡು ಮುಖಗಳ ನಡುವಿನ ಘರ್ಷಣೆಯಿಂದ. ಬೋಲ್ಟಿನ ಕೆಲಸ ಆ ಮುಖಗಳನ್ನು ಒತ್ತಿ ಹಿಡಿಯುವುದು. 1489 ಸಿಸಿ ಎಂಜಿನ್ ಸುಮಾರು 100 ನ್ಯೂಟನ್ ಮೀಟರ್ ಕೊಡುತ್ತದೆ, ಒಂದನೇ ಗೇರಿನ ಅನುಪಾತ ಸುಮಾರು 3.8. ಅಂದರೆ ಶಾಫ್ಟಿಗೆ 380. ಬೋಲ್ಟುಗಳ ವೃತ್ತದ ತ್ರಿಜ್ಯ 40 ಮಿ.ಮೀ. ಎಂದಿಟ್ಟುಕೊಂಡರೆ ಒಟ್ಟು ಜಾರುಬಲ 9500 ನ್ಯೂಟನ್, ಒಂದು ಬೋಲ್ಟಿನ ಪಾಲಿಗೆ ಸುಮಾರು 2400.

3/8 ಇಂಚು ಯುಎನ್‌ಎಫ್ (ಇಂಚಿನ ಅಳತೆಯ ಸಣ್ಣ ಥ್ರೆಡ್), ಗ್ರೇಡ್ 5 (ಬಲದ ದರ್ಜೆ) ಬೋಲ್ಟನ್ನು ಒಣ ಥ್ರೆಡ್ಡಿನಲ್ಲಿ 47 ನ್ಯೂಟನ್ ಮೀಟರಿಗೆ ಬಿಗಿದರೆ ಸುಮಾರು 25,000 ನ್ಯೂಟನ್ ಒತ್ತು ಸಿಗುತ್ತದೆ. ಒಣ ಉಕ್ಕಿನ ಮುಖಗಳಿಗೆ ಘರ್ಷಣಾಂಕ 0.15 ಹಿಡಿದರೆ ಪ್ರತಿ ಬೋಲ್ಟ್ 3700 ನ್ಯೂಟನ್ ತಡೆಯುತ್ತದೆ. ಬೇಕಾದದ್ದು 2400. ಸರಿಹೋಯಿತು. ಅದೇ ಮುಖದ ಮೇಲೆ ಗ್ರೀಸ್ ಇದ್ದು ಘರ್ಷಣೆ 0.10ಕ್ಕೆ ಇಳಿದರೆ ತಡೆ 2500, ಕೂದಲೆಳೆಯಷ್ಟೇ ಉಳಿತಾಯ. ಒತ್ತು ಶೇ. 60ಕ್ಕೆ ಇಳಿದರೆ ಒಣ ಮುಖವೂ ಜಾರುತ್ತದೆ. ಒಮ್ಮೆ ಜಾರಲು ಶುರುವಾದರೆ ಬೋಲ್ಟಿಗೆ ಅಡ್ಡಡ್ಡ ಎಳೆತ ಬೀಳುತ್ತದೆ, ಪ್ರತಿ ಎಳೆತಕ್ಕೂ ನಟ್ಟು ಒಂದಿಷ್ಟು ಹಿಂದಕ್ಕೆ ತಿರುಗುತ್ತದೆ. ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗದಿಂದ ತೋರಿಸಿದ್ದು ಇದನ್ನೇ: ನಟ್ಟನ್ನು ಬಿಚ್ಚುವುದು ಮುಖ್ಯವಾಗಿ ಅಡ್ಡ ಜಾರಾಟ.

ಈಗ ಪೇಂಟಿಗೆ ಬನ್ನಿ. ಎರಡು ಫ್ಲಾಂಜಿನ ಒಟ್ಟು ದಪ್ಪ 20 ಮಿ.ಮೀ. ಇದ್ದರೆ, ಬಿಗಿದಾಗ ಆ ಬೋಲ್ಟ್ ಹಿಗ್ಗುವುದು ಹೆಚ್ಚೆಂದರೆ 0.05 ಮಿ.ಮೀ. ನಿಮ್ಮ ಒತ್ತು ಪೂರಾ ಆ ಐದು ನೂರಾಂಶದಲ್ಲೇ ಇದೆ. ಒಂದು ಕೋಟ್ ಪೇಂಟ್ ಕೂಡ ಹೆಚ್ಚುಕಡಿಮೆ ಅಷ್ಟೇ ದಪ್ಪ. ನಿಮ್ಮಲ್ಲಿ ಪ್ರೈಮರ್ ಒಂದು, ಪೇಂಟ್ ಒಂದು, ಮುಖಗಳು ಎರಡು. ಬಿಸಿಗೂ ಒತ್ತಡಕ್ಕೂ ಪೇಂಟ್ ಹಿಂಡಿಹೋದಂತೆ ಬೋಲ್ಟ್ ಕುಗ್ಗುತ್ತದೆ, ನಟ್ಟು ಒಂದು ಡಿಗ್ರಿ ಕೂಡ ತಿರುಗದೆ ಒತ್ತು ಮಾಯವಾಗುತ್ತದೆ. ಲಾಕ್‌ಟೈಟ್ ಇದ್ದರೂ ಇದನ್ನು ತಡೆಯದು, ಯಾಕೆಂದರೆ ಇಲ್ಲಿ ನಟ್ಟು ತಿರುಗಿಯೇ ಇಲ್ಲ.

ಹುಬ್ಬಳ್ಳಿ_ಲೇಥ್

ತುಮಕೂರಿನವರು ಹೇಳಿದ್ದು ಖರೇ ಐತಿ. ಬೋಲ್ಟಿನ ಬಗ್ಗೆ ಒಂದು ಮಾತು ಸೇರಸ್ತೀನಿ.

ತಲಿ ಮ್ಯಾಲೆ ಗುರುತ ಇಲ್ಲದ ಬೋಲ್ಟ್ ಅಂದ್ರ ಸಾದಾ ಕಬ್ಬಿಣ ಅಂತನ ತಿಳ್ಕೋರಿ. ಅದು 240 ಮೆಗಾಪಾಸ್ಕಲ್ ಸುಮಾರಿಗೆ ಜಗ್ಗಿ ಉದ್ದ ಆಗಿಬಿಡತೈತಿ. 47ಕ್ಕ ಬಿಗದ್ರ ಅದರ ಮ್ಯಾಲೆ 400 ದಾಟಿ ಬೀಳತೈತಿ. ಪಾನಾ ತಿರಗಸ್ತಾ ಇದ್ದಂಗ 'ಬಿಗೀ ಆಗಲಿಕ್ಕತ್ತೈತಿ' ಅಂತ ಅನಸ್ತೈತಿ, ಆದ್ರ ಒಳಗ ಬೋಲ್ಟ್ ಎಳದು ಸಣ್ಣ ಆಗಿರತೈತಿ. ಇಂಚಿನ ಬೋಲ್ಟ್ ಇದ್ರ ತಲಿ ಮ್ಯಾಲೆ ಮೂರು ಗೆರಿ ಇರಬೇಕು, ಅದು ಗ್ರೇಡ್ 5. ಆರು ಗೆರಿ ಇದ್ರ ಗ್ರೇಡ್ 8. ಮಿಲಿಮೀಟರಿಂದು ಇದ್ರ 8.8 ಇಲ್ಲಾ 10.9 ಅಂತ ಹೊಡದಿರತಾರ. ನಟ್ಟೂ ಅದೇ ದರ್ಜಿದ ಇರಬೇಕು, ಇಲ್ಲಾಂದ್ರ ಅದರ ಥ್ರೆಡ್ ಕಿತ್ತು ಬರತೈತಿ.

ಥ್ರೆಡ್ ನೋಡದ ತರಬ್ಯಾಡ್ರಿ. ಹಳೀ ಅಂಬಾಸಿಡರ್ ಮಾರಿಸ್ ಆಕ್ಸ್‌ಫರ್ಡ್ ಮನಿತನದ್ದು, ನಟ್ಟು ಬೋಲ್ಟು ಬಹಳ ಮಟ್ಟಿಗೆ ಯುಎನ್‌ಎಫ್. 1990ರ ದಶಕದ ಇಸುಜು ಎಂಜಿನ್ನಿನ 1800 ಗಾಡಿಯೊಳಗ ಮಿಲಿಮೀಟರ್ ಥ್ರೆಡ್ ಬಂತು. ಹಳೀ ಗಾಡಿಗೆ ಹೊಸಾದರ ಸಾಮಾನು ಕೂಡಿಸಿರತಾರ, ಹಿಂಗಾಗಿ ಒಂದೇ ಗಾಡಿಯೊಳಗ ಎರಡೂ ಸಿಗತಾವ. 5/16 ಇಂಚು ಅಂದ್ರ 7.94 ಮಿ.ಮೀ., ಎಂ8ಕ್ಕ (8 ಮಿ.ಮೀ. ಬೋಲ್ಟ್) ಭಾಳ ಹತ್ರ. ಒಂದೆರಡು ಸುತ್ತು ಬೆರಳಿಲೇ ಹೊಕ್ಕು, ಆಮ್ಯಾಲೆ ಪಾನಾ ಹಾಕಿದ್ರ ಬಿಗೀ ಆದಂಗ ಕಾಣತೈತಿ, ಆದ್ರ ಥ್ರೆಡ್ ಅಡ್ಡ ಹತ್ತಿ ಹಾಳ ಆಗಿರತೈತಿ. ಥ್ರೆಡ್ ಗೇಜ್ ಇಟ್ಟು ನೋಡ್ರಿ: 5/16 ಮತ್ತ 3/8 ಯುಎನ್‌ಎಫ್ ಎರಡಕ್ಕೂ ಇಂಚಿಗೆ 24 ಥ್ರೆಡ್. 5/16ಕ್ಕ ಅರ್ಧ ಇಂಚಿನ ಪಾನಾ ಕೂಡತೈತಿ, 3/8ಕ್ಕ 9/16ರ ಪಾನಾ.

ಅಂಬಿ_ಕುಡ್ಲ

ಬೋಲ್ಟಿನ ಉದ್ದವನ್ನೂ ನೋಡಲಿಕ್ಕೆ ಉಂಟು. ತಲೆಯವರೆಗೂ ಥ್ರೆಡ್ ಇರುವ ಬೋಲ್ಟ್ ಇಲ್ಲಿಗೆ ಆಗುವುದಿಲ್ಲ. ಎರಡು ಫ್ಲಾಂಜುಗಳು ಸೇರುವ ಗೆರೆಯಲ್ಲಿ ಥ್ರೆಡ್ ಬರಬಾರದು, ಅಲ್ಲಿ ನುಣುಪಾದ ಮೈಯೇ ಇರಬೇಕು. ಬಿಗಿದ ಮೇಲೆ ನಟ್ಟಿನಿಂದ ಎರಡು ಮೂರು ಥ್ರೆಡ್ ಹೊರಗೆ ಕಾಣಬೇಕು. ನುಣುಪು ಭಾಗ ಜಾಸ್ತಿ ಉದ್ದ ಆದರೂ ಅಪಾಯ, ನಟ್ಟು ಥ್ರೆಡ್ಡಿನ ಕೊನೆಗೆ ಹೋಗಿ ನಿಂತುಬಿಡುತ್ತದೆ, ಟಾರ್ಕ್ ಪಾನಾ (ಬಿಗಿಯುವ ಬಲ ಅಳೆಯುವ ಪಾನಾ) 'ಕ್ಲಿಕ್' ಅನ್ನುತ್ತದೆ, ಫ್ಲಾಂಜಿಗೆ ಒತ್ತು ಬಿದ್ದಿರುವುದಿಲ್ಲ. ಇದನ್ನು ಪತ್ತೆ ಮಾಡುವುದು ಸುಲಭ: ನಟ್ಟಿನ ಕೆಳಗೆ ಒಂದು ವಾಷರ್ ಸೇರಿಸಿ ಬಿಗಿದಾಗ ಫ್ಲಾಂಜುಗಳ ನಡುವಿನ ಸಂದು ಮುಚ್ಚಿದರೆ ಬೋಲ್ಟ್ ತಪ್ಪು ಉದ್ದದ್ದು.

ಹಳೆಗಾಡಿ_ಹಾಸನ

ಪಾರ್ಟ್ಸ್ ಪುಸ್ತಕದಲ್ಲಿ ಅನೇಕ ಕಡೆ ಸ್ಪ್ರಿಂಗ್ ವಾಷರೇ ಇರುತ್ತದೆ. ಅಷ್ಟು ವರ್ಷ ಲಕ್ಷಾಂತರ ಟ್ಯಾಕ್ಸಿಗಳು ಅದರಲ್ಲೇ ಓಡಿವೆ. ಅದನ್ನೇಕೆ ತೆಗೆಯಬೇಕು?

ಟಾರ್ಕ್_ತುಮಕೂರು

ಓಡಿವೆ, ನಿಜ. ಅವು ಓಡಿದ್ದು ಸರ್ವಿಸಿಗೆ ಬಂದಾಗಲೆಲ್ಲ ಆ ಬೋಲ್ಟುಗಳಿಗೆ ಪಾನಾ ಹಾಕುತ್ತಿದ್ದರಿಂದ. ಸ್ಪ್ರಿಂಗ್ ವಾಷರನ್ನು ಚಪ್ಪಟೆ ಮಾಡಲು ಬೋಲ್ಟಿನ ಪೂರ್ಣ ಒತ್ತಿನ ಒಂದು ಸಣ್ಣ ಪಾಲು ಸಾಕು. ಚಪ್ಪಟೆಯಾದ ಮೇಲೆ ಅದು ಬರೀ ವಾಷರ್. ಯುಂಕರ್ ಮಾದರಿಯ ಪರೀಕ್ಷೆಯಲ್ಲಿ ಸ್ಪ್ರಿಂಗ್ ವಾಷರ್ ಇರುವ ಜೋಡಣೆ ಬೇಗನೇ ಬಿಚ್ಚಿಕೊಳ್ಳುತ್ತದೆ. ಜರ್ಮನಿಯಲ್ಲಿ ಅದರ ಮಾನದಂಡ ಡಿಐಎನ್ 127ನ್ನೇ ಹಿಂತೆಗೆದುಕೊಂಡಿದ್ದಾರೆ. ಕಾರ್ಬ್ಯುರೇಟರ್ ಬ್ರಾಕೆಟ್ಟಿಗೆ, ಡೈನಮೋ ಪಟ್ಟಿಗೆ ಇರಲಿ ಬಿಡಿ. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬೇಡ.

ಪ್ರದರ್ಶನಕ್ಕೆ ನಿಲ್ಲಿಸುವ ಗಾಡಿ, ಮೂಲ ನೋಟವೇ ಬೇಕು ಎಂದಿದ್ದರೆ ಸ್ಪ್ರಿಂಗ್ ವಾಷರ್ ಮತ್ತು ಸಾದಾ ನಟ್ಟು ಇಟ್ಟು ಥ್ರೆಡ್ಡಿಗೆ ಲಾಕ್‌ಟೈಟ್ 243 ಹಾಕಿ. ಹೊರಗೆ ಏನೂ ಕಾಣುವುದಿಲ್ಲ.

ಮಾರ್ಕ್4_ಮೈಸೂರು

ಹಾಗಾದರೆ ನನಗೆ ಯಾವುದು ಸೂಕ್ತ? ನೈಲಾಕ್ (ನೈಲಾನ್ ಉಂಗುರದ ನಟ್ಟು), ಲಾಕ್‌ಟೈಟ್, ಕೋಟೆ ನಟ್ಟಿಗೆ ಸ್ಪ್ಲಿಟ್ ಪಿನ್, ನಾರ್ಡ್‌ಲಾಕ್, ಎಲ್ಲವನ್ನೂ ಹೇಳುವವರಿದ್ದಾರೆ.

ಅಂಬಿ_ಕುಡ್ಲ

ಈ ನಾಲ್ಕು ಬೋಲ್ಟಿಗೆ ಹೊಸ ನೈಲಾಕ್ ನಟ್ಟು. ಕಾರಣ ಉಂಟು: ಹೊಸದಾಗಿ ಕೂಡಿಸಿದ ಫ್ಲಾಂಜು ಸ್ವಲ್ಪ ಓಡಿದ ಮೇಲೆ ಕುಳಿತುಕೊಳ್ಳುತ್ತದೆ, ಆಗ ಮತ್ತೊಮ್ಮೆ ಟಾರ್ಕ್ ನೋಡಬೇಕು. ಲಾಕ್‌ಟೈಟ್ ಗಟ್ಟಿಯಾದ ಮೇಲೆ ನಟ್ಟನ್ನು ತಿರುಗಿಸಿದರೆ ಅಂಟು ಒಡೆದುಹೋಗುತ್ತದೆ, ಮತ್ತೆ ಬಿಚ್ಚಿ ತೊಳೆದು ಹೊಸದಾಗಿ ಹಾಕಬೇಕಾಗುತ್ತದೆ. ನೈಲಾಕಿನಲ್ಲಿ ಆ ತೊಂದರೆ ಇಲ್ಲ. ಡಿಫರೆನ್ಶಿಯಲ್ ಫ್ಲಾಂಜಿನ ಹತ್ತಿರ ನೈಲಾನ್ ಕರಗುವಷ್ಟು ಶಾಖವೂ ಇಲ್ಲ, ಅದು ಸುಮಾರು 120 ಡಿಗ್ರಿವರೆಗೆ ತಡೆಯುತ್ತದೆ. ಸೈಲೆನ್ಸರ್ ಮ್ಯಾನಿಫೋಲ್ಡಿನ ಪಕ್ಕ ಹಾಕಬಾರದು, ಅಲ್ಲಿಗೆ ಪೂರ್ತಿ ಲೋಹದ ಲಾಕ್ ನಟ್ಟು.

ಬಿಚ್ಚಿದ ನೈಲಾಕನ್ನು ಮತ್ತೆ ಬಳಸಬೇಡಿ. ಬೆರಳಿನಲ್ಲೇ ನೈಲಾನ್ ದಾಟಿ ಸಲೀಸಾಗಿ ಹೋಗುವ ನಟ್ಟು ಕಸದ ಬುಟ್ಟಿಗೆ. ನೈಲಾಕಿಗೆ ಲಾಕ್‌ಟೈಟನ್ನೂ ಸೇರಿಸಬೇಡಿ. ಅದು ಕೆಲವು ಪ್ಲಾಸ್ಟಿಕ್‌ಗಳನ್ನು ಕೆಡಿಸುತ್ತದೆ, ಇಲ್ಲಿ ಅದರಿಂದ ಲಾಭವೂ ಇಲ್ಲ.

ನಾರ್ಡ್‌ಲಾಕ್ ಮಾದರಿಯ ಜೋಡಿ ವಾಷರ್ ಒಳ್ಳೆಯದೇ, ಒಳಗಿನ ಇಳಿಜಾರು ಹಲ್ಲುಗಳು ಬೋಲ್ಟಿನ ಥ್ರೆಡ್ಡಿಗಿಂತ ಕಡಿದಾಗಿರುವುದರಿಂದ ನಟ್ಟು ಹಿಂದೆ ತಿರುಗಲು ಹೋದರೆ ಬೋಲ್ಟ್ ಇನ್ನೂ ಬಿಗಿಯಾಗುತ್ತದೆ. ಆದರೆ ಅದರ ಹೊರಹಲ್ಲು ಫ್ಲಾಂಜನ್ನು ಕಚ್ಚಿ ಗೀರು ಬೀಳಿಸುತ್ತದೆ. ಇಲ್ಲಿ ಅಷ್ಟೆಲ್ಲ ಬೇಡ.

ಬೆಂಗಳೂರು_ಬಿಸೀರೀಸ್

ಕೆಂಪು ಲಾಕ್‌ಟೈಟಿನ ಪ್ರಶ್ನೆಗೆ ನೇರ ಉತ್ತರ ಇನ್ನೂ ಬಂದಿಲ್ಲ. ಇಲ್ಲಿ ಕೆಂಪು ಬೇಡ. ಗಟ್ಟಿಯಾದ ಕೆಂಪು ಲಾಕ್‌ಟೈಟನ್ನು ಬಿಚ್ಚಲು 250 ಡಿಗ್ರಿ ಸುತ್ತಮುತ್ತ ಕಾಯಿಸಬೇಕು. ಒಂದು ಬದಿಗೆ ಯೂನಿವರ್ಸಲ್ ಜಾಯಿಂಟಿನ ಸೂಜಿ ಬೇರಿಂಗಿನ ರಬ್ಬರ್ ಸೀಲು, ಇನ್ನೊಂದು ಬದಿಗೆ ಪಿನಿಯನ್ (ಡಿಫರೆನ್ಶಿಯಲ್ಲಿಗೆ ಬಲ ಒಳತರುವ ಗೇರು) ಆಯಿಲ್ ಸೀಲು. ಎರಡೂ ಸುಡುತ್ತವೆ, ಗ್ರೀಸೂ ಹರಿದುಹೋಗುತ್ತದೆ.

ಲಾಕ್‌ಟೈಟ್ ಬಳಸಲೇಬೇಕಾದ ಕಡೆ ನೀಲಿ 243 ತೆಗೆದುಕೊಳ್ಳಿ. ಅದು ಕೊಂಚ ಎಣ್ಣೆಯನ್ನೂ ಸಹಿಸುತ್ತದೆ, ಕೈ ಪಾನಾಕ್ಕೆ ಬಿಚ್ಚುತ್ತದೆ. ಆದರೂ ತೊಳೆಯದೆ ಹಾಕಬೇಡಿ. ಸೀಮೆಎಣ್ಣೆ, ಪೆಟ್ರೋಲ್ ಎರಡೂ ಎಣ್ಣೆಯ ಪೊರೆ ಬಿಟ್ಟುಹೋಗುತ್ತವೆ. ಬ್ರೇಕ್ ಕ್ಲೀನರ್ ಅಥವಾ ಅಸಿಟೋನಿನಲ್ಲಿ ಬೋಲ್ಟು, ನಟ್ಟು ಎರಡನ್ನೂ ತೊಳೆದು ಒಣಗಿಸಿ. ನಟ್ಟು ಕೊನೆಗೆ ಎಲ್ಲಿ ನಿಲ್ಲುತ್ತದೋ ಆ ಥ್ರೆಡ್ಡಿನ ಮೇಲೆ ಎರಡು ಮೂರು ಹನಿ ಸಾಕು, ಬೋಲ್ಟಿನ ತುದಿಗೆ ಹಾಕಿದ್ದು ವ್ಯರ್ಥ. ಗಾಳಿ ಇಲ್ಲದೆ ಲೋಹದ ಸಂಪರ್ಕ ಇದ್ದಾಗ ಮಾತ್ರ ಅದು ಗಟ್ಟಿಯಾಗುತ್ತದೆ. ಹಾಕಿದ ಕೆಲವೇ ನಿಮಿಷದಲ್ಲಿ ಟಾರ್ಕಿಗೆ ಬಿಗಿದು ಮುಗಿಸಿ, 24 ಗಂಟೆ ಗಾಡಿ ಓಡಿಸಬೇಡಿ. ಜಿಂಕ್ ಲೇಪದ ಬೋಲ್ಟಿನ ಮೇಲೆ ಇನ್ನೂ ನಿಧಾನ.

ಕೆಂಪಿಗೆ ಸರಿಯಾದ ಜಾಗ ಬೇರೆ ಇದೆ. ಡಿಫರೆನ್ಶಿಯಲ್ ಒಳಗಿನ ಕ್ರೌನ್ ವೀಲ್ (ದೊಡ್ಡ ಹಲ್ಲುಚಕ್ರ) ಬೋಲ್ಟುಗಳು ಕೈಗೆ ಸಿಗುವುದಿಲ್ಲ, ಸಡಿಲವಾದರೆ ಹೌಸಿಂಗನ್ನೇ (ಹೊರಕವಚ) ಒಡೆಯುತ್ತವೆ. ಅಲ್ಲಿ ಮಡಚುವ ಲಾಕ್ ತಗಡು ಇದ್ದರೆ ಹೊಸದನ್ನೇ ಹಾಕಿ, ಒಂದು ಸಲ ಮಡಚಿದ ಕಿವಿಯನ್ನು ಎರಡನೇ ಸಲ ಮಡಚಿದರೆ ಬುಡದಲ್ಲಿ ಸೀಳುತ್ತದೆ. ತಗಡು ಸಿಗದಿದ್ದರೆ ಕೆಂಪು ಲಾಕ್‌ಟೈಟ್. ತಳ ಮುಚ್ಚಿದ ರಂಧ್ರ ಆಗಿದ್ದರೆ ಹಳೆಯ ಅಂಟು, ಎಣ್ಣೆ ಎಲ್ಲವನ್ನೂ ಗಾಳಿ ಊದಿ ಖಾಲಿ ಮಾಡಿ. ತಳದಲ್ಲಿ ದ್ರವ ಉಳಿದರೆ ಬೋಲ್ಟ್ ಅದನ್ನೇ ಒತ್ತುತ್ತಾ ನಿಲ್ಲುತ್ತದೆ.

ಪದ್ಮಿನಿ_ಧಾರವಾಡ

ಪ್ರೀಮಿಯರ್ ಪದ್ಮಿನಿಗೂ ಇದೇ ಕ್ರಮಾನ? ಅದರಾಗ ಶಾಫ್ಟ್ ಎರಡು ತುಂಡು, ನಡುವ ಬೇರಿಂಗ್ ಐತಿ.

ಬೆಂಗಳೂರು_ಬಿಸೀರೀಸ್

ಫ್ಲಾಂಜಿನ ಮಟ್ಟಿಗೆ ಇದೇ ಕ್ರಮ. ಆದರೆ ಅದು ಫಿಯಟ್, ಥ್ರೆಡ್ ಮಿಲಿಮೀಟರಿನದು. ಫಿಯಟ್‌ಗಳಲ್ಲಿ ಎಂ10ಕ್ಕೆ 1.25 ಪಿಚ್ (ಥ್ರೆಡ್ಡಿನಿಂದ ಥ್ರೆಡ್ಡಿಗೆ ಮಿ.ಮೀ. ಅಂತರ) ಸಾಮಾನ್ಯ, ಅಂಗಡಿಯಲ್ಲಿ ಕೇಳದೆ ಕೊಡುವುದು 1.5 ಪಿಚ್. ನಡುವಿನ ಬೇರಿಂಗಿನ ರಬ್ಬರ್ ಕುಸಿದಿದ್ದರೆ ಶಾಫ್ಟ್ ಸುತ್ತುವಾಗ ಬಡಿಯುತ್ತದೆ, ಯಾವ ನಟ್ಟೂ ನಿಲ್ಲುವುದಿಲ್ಲ. ಮೊದಲು ರಬ್ಬರ್ ನೋಡಿ.

ಹುಬ್ಬಳ್ಳಿ_ಲೇಥ್

ಬಿಗಿಯೋ ಕ್ರಮ ಬರೀತೀನಿ, ಮೈಸೂರಿನವರಿಗೆ ಬೇಕಾಗತೈತಿ.

ಮುಂದಿನ ಗಾಲಿಗೆ ಎರಡೂ ಕಡೆ ಕಲ್ಲು ಇಲ್ಲಾ ಕಟ್ಟಿಗಿ ಕೊಡ್ರಿ. ಹಿಂದ ಹೌಸಿಂಗ್ ಎತ್ತಿ ಎರಡೂ ಬದಿ ಸ್ಟ್ಯಾಂಡ್ ಇಡ್ರಿ. ಬರೇ ಜಾಕ್ ಮ್ಯಾಲೆ ಗಾಡಿ ಬಿಟ್ಟು ಕೆಳಗ ಹೋಗಬ್ಯಾಡ್ರಿ. ನ್ಯೂಟ್ರಲ್ ಮಾಡಿದ್ರ ಗಾಲಿ ತಿರುವಿ ಒಂದೊಂದು ಬೋಲ್ಟ್ ಕೈಗೆ ಸಿಗೋ ಹಂಗ ತರಬಹುದು. ಬಿಚ್ಚೂಕಿಂತ ಮೊದಲ ಎರಡೂ ಫ್ಲಾಂಜಿನ ಮ್ಯಾಲೆ ಪಂಚ್ ಗುರುತ ಹೊಡೀರಿ, ಅದೇ ಜೋಡಿಗೆ ವಾಪಸ್ ಕೂಡಸಬೇಕು. ಶಾಫ್ಟಿನ ಮುಂದಿನ ತುದಿ ಗೇರ್‌ಬಾಕ್ಸ್ ಬಾಲದೊಳಗ ಜಾರೋ ನಮೂನಿದು ಇದ್ರ ಹೊರಗ ಎಳೀಬ್ಯಾಡ್ರಿ, ಎಣ್ಣಿ ಸುರೀತೈತಿ. ಹಿಂದಿನ ತುದಿ ತಂತಿಲೆ ಮ್ಯಾಲೆ ಕಟ್ಟಿದ್ರ ಸಾಕು, ಜೋತು ಬಿಡಬಾರದು.

ಮುಖದ ಪೇಂಟ್ ತಿನ್ನರ್‌ನಾಗ ತೊಳದು ಬರಿ ಲೋಹ ಕಾಣಬೇಕು. ನಟ್ಟು, ಬೋಲ್ಟಿನ ತಲಿ ಕೂಡೋ ಜಾಗದ ಪೇಂಟೂ ಹೋಗಬೇಕು. ಗ್ರೈಂಡರ್ ಹಚ್ಚಬ್ಯಾಡ್ರಿ, ಮುಖದ ಮಟ್ಟ ಹೋಗತೈತಿ.

ನಾಕೂ ನಟ್ಟು ಕೈಲೆ ಕೂಡಿಸಿ, ಎದುರಾ ಬದರ ಮೂರು ಸುತ್ತಿನಾಗ ಬಿಗೀರಿ: 15, 30, 47. ಇದು 3/8 ಗ್ರೇಡ್ 5ಕ್ಕ, ಥ್ರೆಡ್ ಒಣಗಿದ್ದಾಗ. 5/16 ಇದ್ರ ಕೊನೀದು 26. ಥ್ರೆಡ್ಡಿಗೆ ಎಣ್ಣಿ ಹಚ್ಚಿದ್ರ ಅದೇ ಟಾರ್ಕಿಗೆ ಒತ್ತು ಮೂರನೇ ಒಂದು ಪಾಲು ಜಾಸ್ತಿ ಆಗತೈತಿ, 47ಕ್ಕ ಬೋಲ್ಟ್ ತನ್ನ ಮಿತಿಗೇ ಬಂದು ನಿಂದ್ರತೈತಿ. ಎಣ್ಣಿ ಇದ್ರ 35 ಸಾಕು. ಬೋಲ್ಟಿನ ತಲಿ ಹಿಡದು ನಟ್ಟು ತಿರವ್ರಿ, ತಲಿ ತಿರವಿದ್ರ ರಂಧ್ರದೊಳಗ ಮೈ ತಿಕ್ಕಿ ಟಾರ್ಕ್ ಸುಳ್ಳ ತೋರಸ್ತೈತಿ. ನೈಲಾಕ್ ಬರೇ ತಿರುಗಾಕ ಎಷ್ಟು ಬಲ ತಗೋತೈತಿ ಅನ್ನೋದನ್ನ ಟಾರ್ಕ್ ಪಾನಾದಿಂದ ನೋಡಿ ಕೂಡಸ್ರಿ. ಅದು 5 ಇದ್ರ ಕೊನೀ ಟಾರ್ಕ್ 52.

ಮಾರ್ಕ್4_ಮೈಸೂರು

ಅಲ್ಲಿ ಸಾಕೆಟ್ ಹೋಗಲು ಜಾಗವೇ ಇಲ್ಲ. ಟಾರ್ಕ್ ಪಾನಾ ಹೇಗೆ ಹಾಕುವುದು?

ಟಾರ್ಕ್_ತುಮಕೂರು

ಕ್ರೋಫುಟ್ ಎಂಬ ಬಾಯಿ ತೆರೆದ ಅಡಾಪ್ಟರ್ ಸಿಗುತ್ತದೆ. ಅದನ್ನು ಟಾರ್ಕ್ ಪಾನಾಕ್ಕೆ 90 ಡಿಗ್ರಿ ಅಡ್ಡವಾಗಿ ಕೂಡಿಸಿದರೆ ಅಳತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರುವುದಿಲ್ಲ. ನೇರವಾಗಿ ಮುಂದಕ್ಕೆ ಚಾಚಿ ಹಿಡಿದರೆ ತೋರಿಸಿದ್ದಕ್ಕಿಂತ ಜಾಸ್ತಿ ಬೀಳುತ್ತದೆ. ಮಡಚುವ ಕೀಲಿನ ಸಾಕೆಟ್ ಬಳಸಬೇಡಿ, ಅದರ ಓದು ನಂಬಲರ್ಹವಲ್ಲ.

ಅದೂ ಸಿಗದಿದ್ದರೆ 9/16ರ ರಿಂಗ್ ಪಾನಾದ ತುದಿಗೆ ತೂಗುವ ಸ್ಪ್ರಿಂಗ್ ತಕ್ಕಡಿ ಕಟ್ಟಿ. ನಟ್ಟಿನ ನಡುವಿನಿಂದ ಕೊಕ್ಕೆಯವರೆಗೆ 200 ಮಿ.ಮೀ. ಇದ್ದರೆ, ಪಾನಾಕ್ಕೆ ಲಂಬವಾಗಿ 24 ಕೆ.ಜಿ. ಎಳೆದರೆ 47 ನ್ಯೂಟನ್ ಮೀಟರ್. ನಿಧಾನವಾಗಿ ಎಳೆಯಿರಿ.

ಹಳೆಗಾಡಿ_ಹಾಸನ

ಶಾಫ್ಟಿನ ಎರಡೂ ತುದಿಯ ಯೋಕ್ (ಕ್ರಾಸ್ ಹಿಡಿಯುವ ಕವಲು) ಒಂದೇ ಸಾಲಿನಲ್ಲಿವೆಯೇ ಎಂದು ಯಾರೂ ಕೇಳಲಿಲ್ಲ. ಜಾರುವ ಸ್ಪ್ಲೈನನ್ನು (ಹಲ್ಲುಳ್ಳ ಜೋಡಣೆ) ಒಂದು ಹಲ್ಲು ತಪ್ಪಿಸಿ ಕೂಡಿಸಿದರೂ ಸಾಕು, ಶಾಫ್ಟ್ ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿಳಿಸುತ್ತದೆ. 60ರಲ್ಲಿ ಬರುವ ನಡುಕಕ್ಕೆ ಇದೂ ಕಾರಣವಿರಬಹುದು. ಗೇರ್‌ಬಾಕ್ಸಿನ ಹಿಂಬದಿ ರಬ್ಬರ್ ಮೌಂಟು ಕುಸಿದರೆ ಕೋನ ಕೆಡುತ್ತದೆ. ಹಿಂದಿನ ಪಟ್ಟಿಗಳ ಯು ಬೋಲ್ಟ್ ಸಡಿಲವಿದ್ದರೆ ಹೌಸಿಂಗೇ ತಿರುಚಿ ಪಿನಿಯನ್ ಮೂಗು ಮೇಲೆದ್ದು ಬೀಳುತ್ತದೆ, 'ಟಕ್' ಸದ್ದು ಅಲ್ಲಿಂದಲೂ ಬರುತ್ತದೆ. ಯು ಬೋಲ್ಟುಗಳನ್ನು ಗಾಲಿ ನೆಲದ ಮೇಲಿದ್ದಾಗಲೇ ಬಿಗಿಯಬೇಕು, ಮೂಲೆಯಿಂದ ಎದುರು ಮೂಲೆಗೆ.

ಫ್ಲಾಂಜನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಪಿನಿಯನ್ ಬೇರಿಂಗಿನ ಬಿಗಿ ಹೋಗಿದೆ. ಆ ನಡುವಿನ ದೊಡ್ಡ ನಟ್ಟನ್ನು ಸುಮ್ಮನೆ ಇನ್ನಷ್ಟು ಬಿಗಿದು ಮುಚ್ಚಬೇಡಿ, ಬೇರಿಂಗ್ ಹಿಡಿತವನ್ನು ಸರಿಯಾಗಿ ಹೊಂದಿಸಬೇಕು.

ಮಾರ್ಕ್4_ಮೈಸೂರು

ಬಿಚ್ಚಿ ನೋಡಿದೆ. ಫ್ಲಾಂಜ್ ಅಲ್ಲಾಡುವುದಿಲ್ಲ, ಯೋಕ್‌ಗಳು ಒಂದೇ ಸಾಲಿನಲ್ಲಿವೆ, ಬೋಲ್ಟ್ 3/8 ಯುಎನ್‌ಎಫ್. ಎರಡು ರಂಧ್ರಗಳು ಉದ್ದುದ್ದ ಆಗಿವೆ, 9.5ರ ಡ್ರಿಲ್ ಬಿಟ್ಟಿನ ಹಿಡಿ ಒಂದು ದಿಕ್ಕಿಗೆ ಅಲ್ಲಾಡುತ್ತದೆ. ಪೇಂಟ್ ತೆಗೆದ ಮೇಲೆ ಎರಡು ಫ್ಲಾಂಜನ್ನು ಕೈಯಲ್ಲಿ ಒತ್ತಿದಾಗ ಒಂದು ಬದಿಯಲ್ಲಿ 0.10ರ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಒಳಗೆ ಹೋಗುತ್ತದೆ. ರಂಧ್ರಕ್ಕೆ ವೆಲ್ಡಿಂಗ್ ತುಂಬಿಸಿ ಮತ್ತೆ ಕೊರೆಯಬಹುದೇ?

ಹುಬ್ಬಳ್ಳಿ_ಲೇಥ್

ವೆಲ್ಡಿಂಗ್ ಬ್ಯಾಡ್ರಿ. ಫ್ಲಾಂಜ್ ಬಿಸಿಗೆ ಸೊಟ್ಟ ಆಗತೈತಿ, ಬ್ಯಾಲೆನ್ಸೂ ಹೋಗತೈತಿ. ಸವೆತ ಕಾಲು ಮಿಲಿಮೀಟರ್ ಒಳಗ ಇದ್ರ ಒಂದು ದಾರಿ ಐತಿ. ಎರಡೂ ಫ್ಲಾಂಜ್ ಕೂಡಿಸಿ, ಸವೆತ ಇಲ್ಲದ ಎರಡು ರಂಧ್ರದಾಗ ಬೋಲ್ಟ್ ಹಾಕಿ ಬಿಗದು, ಉಳದ ಎರಡು ರಂಧ್ರ 10 ಮಿ.ಮೀ. ರೀಮರಿಂದ ಒಟ್ಟಿಗೇ ಹಿಗ್ಗಸ್ರಿ. ಆ ಎರಡಕ್ಕ ಎಂ10 ಹಾಕಿ ಬಿಗದು, ಆಮ್ಯಾಲೆ ಮತ್ತೆರಡು. ನಾಕೂ ಎಂ10, 8.8, ಟಾರ್ಕ್ 49. ಅಂಗಡಿ ಬೋಲ್ಟಿನ ಮೈ 9.8ರಿಂದ 10ರ ತನಕ ಹೆಂಗ ಬೇಕಾದ್ರೂ ಇರತೈತಿ, ಮೈಕ್ರೋಮೀಟರ್ ಹಿಡದು ದಪ್ಪನ್ನವ ಆರಸ್ಕೋರಿ. ನಾಕೂ ಒಂದೇ ಉದ್ದ, ಒಂದೇ ತೂಕ ಇರಲಿ. ಸವೆತ ಅದಕ್ಕೂ ಜಾಸ್ತಿ ಇದ್ರ ಫ್ಲಾಂಜ್ ಬದಲಿ ಮಾಡೋದೇ ಸರಿ, ಬೆಂಗಳೂರಿನ ಜೆ.ಸಿ. ರಸ್ತೆಯೊಳಗ ಹಳೀ ಸಾಮಾನಿನ ಅಂಗಡಿಗಳಾಗ ಹುಡುಕಬಹುದು.

ಟಾರ್ಕ್_ತುಮಕೂರು

0.10 ಸಂದು ಮುಖ್ಯವಾದದ್ದು. ಬೋಲ್ಟ್ ಹಿಗ್ಗುವುದೇ 0.05 ಎಂದು ಮೇಲೆ ಹೇಳಿದ್ದನ್ನು ಇದರ ಪಕ್ಕ ಇಡಿ. ಆ ಬದಿಯ ಎರಡು ಬೋಲ್ಟುಗಳ ಶ್ರಮವೆಲ್ಲ ಸಂದು ಮುಚ್ಚುವುದಕ್ಕೇ ಹೋಗುತ್ತಿತ್ತು. ಸವೆದ ಎರಡು ರಂಧ್ರಗಳೂ ಆ ಬದಿಯವೇ ಆಗಿರಬೇಕು, ನೋಡಿ.

ಸಾಮಾನ್ಯವಾಗಿ ಇದಕ್ಕೆ ಕಾರಣ ಫ್ಲಾಂಜಿನ ನಡುವೆ ಇರುವ ಉಬ್ಬು ಬಳೆ. ಶಾಫ್ಟನ್ನು ನಡುಮಧ್ಯಕ್ಕೆ ನಿಲ್ಲಿಸುವುದು ಆ ಬಳೆ ಮತ್ತು ಎದುರಿನ ತಗ್ಗು, ಬೋಲ್ಟುಗಳು ಆ ಕೆಲಸ ಮಾಡುವುದಿಲ್ಲ. ಕ್ರಾಸ್ ಬದಲಿಸುವಾಗ ಸುತ್ತಿಗೆ ತಗುಲಿದ ಪೆಟ್ಟಿನ ಏಣು, ಇಲ್ಲವೇ ತಗ್ಗಿನ ಮೂಲೆಯಲ್ಲಿ ಉಳಿದ ಗಟ್ಟಿ ಪೇಂಟು, ಬಳೆಯನ್ನು ಪೂರ್ತಿ ಕೂರಲು ಬಿಡುವುದಿಲ್ಲ. ತಗ್ಗಿನ ಮೂಲೆಯನ್ನು ಮರದ ಕಡ್ಡಿ, ತಿನ್ನರಿನಲ್ಲಿ ಕೆರೆದು ತೆಗೆಯಿರಿ. ಬಳೆಯ ಅಂಚಿಗೆ ಬೆರಳು ಸವರಿ, ಏಣು ಸಿಕ್ಕಿದ ಕಡೆ ಮಾತ್ರ ನುಣುಪು ಅರದಿಂದ ಎರಡು ಮೂರು ಸಲ ತಿಕ್ಕಿ. ಬಳೆಯ ಸುತ್ತ ಪೂರಾ ತಿಕ್ಕಿದರೆ ಅದು ಸಡಿಲವಾಗಿ ಶಾಫ್ಟ್ ನಡು ತಪ್ಪುತ್ತದೆ.

ಆಮೇಲೆ ಒಂದು ಮುಖಕ್ಕೆ ಪ್ರಷ್ಯನ್ ಬ್ಲೂ (ತಾಗುವ ಜಾಗ ತೋರಿಸುವ ನೀಲಿ ಬಣ್ಣ) ತೆಳುವಾಗಿ ಸವರಿ ಕೈಯಲ್ಲಿ ಕೂಡಿಸಿ ತೆಗೆಯಿರಿ. ನೀಲಿ ಗುರುತು ನಾಲ್ಕೂ ರಂಧ್ರಗಳ ಸುತ್ತ ಬೀಳಬೇಕು, 0.05ರ ಫೀಲರ್ ಎಲ್ಲೂ ಹೋಗಬಾರದು. ಅಲ್ಲಿಗೆ ತಲುಪಿದ ಮೇಲೆಯೇ ರೀಮರ್ ಹಿಡಿಯಿರಿ. ಸಂದು ಇರುವಾಗ ರೀಮ್ ಮಾಡಿದರೆ ರಂಧ್ರ ಓರೆಯಾಗುತ್ತದೆ. ನೀಲಿಯನ್ನು ಪೂರ್ತಿ ಒರೆಸಿ, ಅದೂ ಎಣ್ಣೆಯೇ.

ಬಿಗಿದು ಮುಗಿದ ಮೇಲೆ ನಟ್ಟಿನಿಂದ ಫ್ಲಾಂಜಿನವರೆಗೆ ಉಗುರುಬಣ್ಣದಲ್ಲಿ ಒಂದೊಂದು ಗೆರೆ ಎಳೆಯಿರಿ. 100 ಕಿ.ಮೀ. ಆದಾಗ ಗೆರೆ ನೋಡಿ, ಟಾರ್ಕೂ ನೋಡಿ. ಮತ್ತೊಮ್ಮೆ 1000ಕ್ಕೆ. ಗೆರೆ ಮುರಿಯದೆ ಟಾರ್ಕ್ ಮಾತ್ರ ಇಳಿದಿದ್ದರೆ ಮುಖ ಇನ್ನೂ ಕುಳಿತುಕೊಳ್ಳುತ್ತಿದೆ ಎಂದರ್ಥ, ಮತ್ತೆ ಬಿಗಿದು ಹೊಸ ಗೆರೆ ಎಳೆಯಿರಿ. ಗೆರೆಯೇ ಮುರಿದಿದ್ದರೆ ಫ್ಲಾಂಜ್ ಜಾರಿದೆ, ಬಿಚ್ಚಿ ಬಳೆಯನ್ನೂ ರಂಧ್ರಗಳನ್ನೂ ಮೊದಲಿನಿಂದ ನೋಡಬೇಕು.